ಯಾವ ಕೋಣೆಗೆ ಯಾವ ವಾಸನೆ?

ಮನೆ ಘಮಘಮ ಅನ್ನಲಿ ಅಂತ ಸೆಂಟಿನ ಡಬ್ಬಿ, ಬಾಟ್ಲಿಗಳು ಈಗ ಹಳ್ಳಿ ಅಂಗಡಿಗೂ ಬಂದಿವೆ. ಒಂದೇ ಡಬ್ಬಿ ತಂದು ಅಡುಗೆಮನೆ, ಮಲಗೋ ಕೋಣೆ, ಬಚ್ಚಲು ಎಲ್ಲದಕ್ಕೂ ಹೊಡೆಯುವವರಿದ್ದಾರೆ. ಕೆಂಪು ನೆಲಕ್ಕೊಂದು, ಎರೆ ನೆಲಕ್ಕೊಂದು ಬೆಳೆ ನೋಡಿ ಬಿತ್ತುವವರು ನಾವು. ಮನೆಯಲ್ಲೂ ಹಾಗೇ, ಕೋಣೆಯ ಕೆಲಸ ನೋಡಿ ವಾಸನೆ ಇಡಬೇಕು. ಕೆಟ್ಟ ವಾಸನೆ ಬಂತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಮೇಲೆ ಸೆಂಟು ಹೊಡೆದರೆ ಕಾರಣ ಹೋಗುವುದಿಲ್ಲ, ನಮಗೆ ಗೊತ್ತಾಗುವುದು ತಪ್ಪುತ್ತದೆ ಅಷ್ಟೆ.

ನಮ್ಮದು ಚಳ್ಳಕೆರೆ ಕಡೆಯ ಮಳೆ ನಂಬಿದ ಬೇಸಾಯ. ಶೇಂಗಾ, ನವಣೆ, ತೊಗರಿ ಬೆಳೆಯುತ್ತೇವೆ. ಜನ, ದನ, ಕಾಳು ಎಲ್ಲಾ ಒಂದೇ ಸೂರಿನ ಕೆಳಗೆ. ನಾವು ಅನುಸರಿಸುವ ಕ್ರಮ ಹೀಗಿದೆ.

ಪಡಸಾಲೆಗೆ ಲಾವಂಚ

ಬೇಸಿಗೆಯ ಪಡಸಾಲೆಗೆ ಲಾವಂಚಕ್ಕಿಂತ ಒಳ್ಳೇದು ಇಲ್ಲ. ಬೇರನ್ನು ಹೆಣೆದು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ತಂಪಾಗಿ, ಘಮವಾಗಿ ಬರುತ್ತದೆ. ನೀರು ಒಣಗಿದರೆ ವಾಸನೆ ಇಳಿಯುತ್ತದೆ, ಮತ್ತೆ ಚಿಮುಕಿಸಿದರೆ ಏಳುತ್ತದೆ. ಹೊಗೆ ಇಲ್ಲ, ಬೆಂಕಿ ಇಲ್ಲ.

ಗುಂಡ್ಲುಪೇಟೆ ಕಡೆಯ ರೈತರು ಲಾವಂಚವನ್ನು ತಲೆತಲಾಂತರದಿಂದ ಬದುವಿಗೆ ಬೇಲಿಯಂತೆ ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಮಣ್ಣು ಉಳಿಸಲು ಈ ಹುಲ್ಲನ್ನು ಹಲವು ದೇಶಗಳಲ್ಲಿ ಪ್ರಚಾರ ಮಾಡಿದರು. ಆದರೆ ಬದುವಿನ ಲಾವಂಚದ ಬೇರು ಕೀಳಬೇಡಿ. ಕಿತ್ತರೆ ಬದು ಸಡಿಲಾಗಿ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ. ಮನೆ ಬಳಕೆಗೆ ಹಳೇ ಗೊಬ್ಬರದ ಚೀಲಕ್ಕೆ ಮರಳು, ಮಣ್ಣು, ಗೊಬ್ಬರ ತುಂಬಿ ಬೇರೆಯಾಗಿ ನೆಡಿ. ಒಂದೂವರೆ ವರ್ಷದ ಮೇಲೆ ಚೀಲ ಹರಿದು ಕೊಡವಿದರೆ ಬೇರು ತುಂಡಾಗದೆ ಸಿಗುತ್ತದೆ.

ಅಡುಗೆಮನೆಗೆ ಯಾವುದೂ ಬೇಡ

ಗ್ಯಾಸಿಗೆ ತನ್ನದೇ ವಾಸನೆ ಅಂತ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತು ಬೆರೆಸಿರುತ್ತಾರೆ. ಗ್ಯಾಸು ಗಾಳಿಗಿಂತ ಭಾರ, ನೆಲದ ಮಟ್ಟಕ್ಕೇ ನಿಲ್ಲುತ್ತದೆ. ಘಾಟು ಸೆಂಟು ಹೊಡೆದ ಅಡುಗೆಮನೆಯಲ್ಲಿ ಆ ನಾತ ಬೇಗ ತಿಳಿಯುವುದಿಲ್ಲ. ಜೊತೆಗೆ, ಒತ್ತಿ ಸಿಂಪಡಿಸುವ ಎಷ್ಟೋ ಸೆಂಟಿನ ಡಬ್ಬಿಗಳ ಒಳಗೆ ಇರುವುದೂ ಬೆಂಕಿ ಹತ್ತುವ ಅನಿಲವೇ. ಉರಿಯುವ ಒಲೆಯ ಹತ್ತಿರ ಅದನ್ನು ಒತ್ತಲೇಬಾರದು. ಗ್ಯಾಸಿನ ವಾಸನೆ ಬಂದರೆ ದೀಪದ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ.

ಕಾಳಿನ ಕೋಣೆ

ಇಲ್ಲಿ ಮೂಗೇ ಕಾವಲುಗಾರ. ಮುಗ್ಗಲು ವಾಸನೆ ಬಂದರೆ ಕಾಳು ತೇವ ಹಿಡಿದಿದೆ ಅಂತ ಅರ್ಥ, ಕೂಡಲೇ ಬಿಸಿಲಿಗೆ ಹಾಕಬೇಕು. ಬೂಷ್ಟು ಹಿಡಿದ ಶೇಂಗಾದಲ್ಲಿ ವಿಷ ಇರುತ್ತದೆ. ಜನರಿಗೂ ಬೇಡ, ದನಕ್ಕೂ ಬೇಡ.

ನೆರಳಲ್ಲಿ ಒಣಗಿಸಿದ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಚೀಲಗಳ ನಡುವೆ ಇಡುವುದು ನಮ್ಮ ಹಿರಿಯರ ಪದ್ಧತಿ. ಸೊಪ್ಪಿನಲ್ಲಿ ಒಂದಿಷ್ಟೂ ಹಸಿ ಇರಬಾರದು. ಆದರೆ ಕಾಳಿನ ಹತ್ತಿರ ನುಸಿಗುಳಿಗೆ ಇಡಬೇಡಿ. ಅದು ವಿಷ. ಪೆಪ್ಪರಮೆಂಟು ಅಂತ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯ ಬೇರೆ.

ಇನ್ನು ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಬೆಳ್ಳುಳ್ಳಿಯ ಹಾಗೋ ಕೊಳೆತ ಮೀನಿನ ಹಾಗೋ ನಾರುತ್ತದೆ. ನಾತ ಬಂದಾಗ ನೋಡೋಣ ಅನ್ನುವ ಹಾಗಿಲ್ಲ. ಜನ ಮಲಗುವ ಮನೆಯೊಳಗೆ ಆ ಗುಳಿಗೆ ಇಡಲೇಬಾರದು.

ಮಲಗುವ ಕೋಣೆಗೆ ದವನ

ರಾತ್ರಿಯೆಲ್ಲಾ ಬಾಗಿಲು ಹಾಕಿರುವ ಕೋಣೆ ಇದು. ಊದುಬತ್ತಿ ಇರಲಿ, ಸೊಳ್ಳೆ ಬತ್ತಿ ಇರಲಿ, ಹೊಗೆಯ ಸಣ್ಣ ಕಣಗಳು ಎದೆಗೂಡಿಗೆ ಇಳಿಯುತ್ತವೆ. ಕೂಸು, ಬಾಣಂತಿ, ದಮ್ಮಿನವರು ಇರುವಲ್ಲಿ ಹೊಗೆ ಬೇಡ. ಸೊಳ್ಳೆಗೆ ಪರದೆ ಕಟ್ಟಿ. ಘಮಕ್ಕೆ ಒಣಗಿಸಿದ ದವನ ಸಾಕು. ಚೈತ್ರದ ದವನದ ಹುಣ್ಣಿಮೆಗೆ ತಂದದ್ದನ್ನು ನೆರಳಲ್ಲಿ ಒಣಗಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಟ್ಟೆಯ ಟ್ರಂಕಿನಲ್ಲಿಡಿ. ಒಣಗಿದರೂ ಘಮ ಬಿಡುವುದಿಲ್ಲ.

ದೇವರ ಕೋಣೆ

ಲೋಬಾನ, ಊದುಬತ್ತಿ ಇಲ್ಲಿಗೆ ಸರಿ. ಪೂಜೆ ಮುಗಿಯುವ ತನಕ ಕಿಟಕಿ ತೆಗೆದಿಡಿ. ನಮ್ಮ ಮನೆಯಲ್ಲಿ ಹತ್ತಿಪ್ಪತ್ತು ಕಡ್ಡಿ ಹಚ್ಚುವ ರೂಢಿ ಇಲ್ಲ. ಒಂದು ಕಡ್ಡಿ, ಹಬ್ಬಕ್ಕೆ ಚಿಟಿಕೆ ಲೋಬಾನ.

ಕೊಟ್ಟಿಗೆ, ಬಚ್ಚಲು

ಕೊಟ್ಟಿಗೆಯಲ್ಲಿ ಕಣ್ಣು ಉರಿದರೆ ಅದು ಗಂಜಲದ ಘಾಟು. ದನಕ್ಕೂ ಅದು ಒಳ್ಳೇದಲ್ಲ. ಗಂಜಲ ಹರಿದುಹೋಗಲು ಇಳಿಜಾರು ಮಾಡಿ, ಒಣ ಮಣ್ಣು ಹರವಿ. ಆ ಮಣ್ಣು ತಿಪ್ಪೆಗೆ ಹೋದರೆ ಒಳ್ಳೇ ಗೊಬ್ಬರ. ಸಂಜೆ ಸೊಳ್ಳೆ, ನೊಣಕ್ಕೆ ಲಕ್ಕಿ ಸೊಪ್ಪಿನ ಹೊಗೆ ಹಾಕುವಾಗ ಬಾಗಿಲು ತೆರೆದಿರಲಿ, ಮೇವಿನಿಂದ ದೂರ ಇರಲಿ. ಕೆಂಡ ಪೂರ್ತಿ ಆರಿಸಿಯೇ ಮಲಗಬೇಕು.

ಬಚ್ಚಲ ನೀರು ನಿಂತು ನಾರುತ್ತಿದ್ದರೆ ಅದನ್ನು ಹೊರಗೆ ಹರಿಸಿ ಅಲ್ಲಿ ಮಜ್ಜಿಗೆ ಹುಲ್ಲು ನೆಡಿ. ನೀರೂ ಹಿಂಗುತ್ತದೆ, ಚಹಾಕ್ಕೆ ಎರಡು ಎಸಳೂ ಸಿಗುತ್ತದೆ.

ಲಾವಂಚ, ಮಜ್ಜಿಗೆ ಹುಲ್ಲು ಎರಡೂ ಬುಡ ಸೀಳಿ ನೆಟ್ಟರೆ ಬದುಕುತ್ತವೆ, ಬೀಜ ಕೊಳ್ಳಬೇಕಾಗಿಲ್ಲ. ಮುಂಗಾರು ಹಿಡಿದ ಮೇಲೆ ಯಾರ ಬದುವಿನಲ್ಲಿ ಇದೆಯೋ ಕೇಳಿ, ಹೊರಗಡೆಯಿಂದ ನಾಲ್ಕು ಎಳೆ ಬುಡ ತಂದು ನೆಡಿ. ನಿಮ್ಮಲ್ಲಿ ಹೆಚ್ಚಾದಾಗ ಪಕ್ಕದವರಿಗೂ ಕೊಡಿ.