ಆದಿತ್ಯವಾರದ ವಿಶ್ರಾಂತಿ ಯಾರಿಗೆ?

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ದುಡಿಮೆಯನ್ನು ಹೊಗಳಿದಷ್ಟು ವಿಶ್ರಾಂತಿಯನ್ನು ನಮ್ಮ ಹಿರಿಯರು ಹೊಗಳಿದಂತಿಲ್ಲ. ಹಗಲಲ್ಲಿ ತುಸು ಅಡ್ಡಾದವನನ್ನು ಸೋಮಾರಿ ಎನ್ನಲು ನಮಗೆ ತಡವಾಗುವುದಿಲ್ಲ. ಹೀಗಿರುವಾಗ ವಿಶ್ರಾಂತಿಯನ್ನೇ ದೇವರ ಆಜ್ಞೆಯೆಂದು ಎಣಿಸಿ, ಕೊಲೆ ಕಳವುಗಳನ್ನು ನಿಷೇಧಿಸುವ ಆಜ್ಞೆಗಳ ಸಾಲಿನಲ್ಲೇ ಅದನ್ನು ಇರಿಸಿದ ಪರಂಪರೆಯೊಂದಿದೆ ಎಂದರೆ ತರಗತಿಯ ಮಕ್ಕಳು ನಗುತ್ತಾರೆ. ಆದಿತ್ಯವಾರ ಶಾಲೆಗೆ ರಜೆ ಎಂಬುದು ಅವರಿಗೆ ಗೊತ್ತು. ಅದರ ಹಿಂದಿನ ಕಥೆ ಗೊತ್ತಿಲ್ಲ.

ಕಥೆ ಆರಂಭವಾಗುವುದು ಯೆಹೂದ್ಯರ ಸಬ್ಬತ್ ದಿನದಿಂದ. ಮೋಶೆಯ ದಶಾಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನೆಂಬುದು ಈ ಆಜ್ಞೆಗೆ ಕಾರಣ. ಧರ್ಮೋಪದೇಶಕಾಂಡದಲ್ಲಿ ಕಾರಣವೇ ಬೇರೆ: ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದುದನ್ನು ಮರೆಯಬಾರದು. ಅಲ್ಲಿ ಇಟ್ಟಿಗೆ ಮಾಡುತ್ತಿದ್ದ ಆ ಜನಕ್ಕೆ ಬಿಡುವೆಂಬುದಿರಲಿಲ್ಲ. ಆದುದರಿಂದ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿ ನೆಲೆಸಿದ ಪರದೇಶಿ ಎಲ್ಲರಿಗೂ ಅಂದು ವಿಶ್ರಾಂತಿ ಇರಬೇಕೆಂದು ಪಟ್ಟಿಯನ್ನೇ ಕೊಡಲಾಗಿದೆ. ಏಳನೆಯ ವರ್ಷ ಹೊಲವನ್ನೂ ಬೀಳು ಬಿಡಬೇಕೆಂಬ ವಿಧಿಯಿದೆ. ವಿಶ್ರಾಂತಿ ಯಜಮಾನನ ಸುಖವಲ್ಲ, ಅವನ ಕೈಕೆಳಗಿನವರ ಹಕ್ಕು ಎಂಬ ಮಾತು ಇಷ್ಟು ಹಳೆಯದು!

ದಣಿದವನನ್ನು ಈ ಗ್ರಂಥ ನೋಡುವ ರೀತಿಗೆ ಪ್ರವಾದಿ ಎಲೀಯನ ಪ್ರಸಂಗ ಒಳ್ಳೆಯ ನಿದರ್ಶನ. ರಾಣಿಯ ಬೆದರಿಕೆಗೆ ಅಂಜಿ ಓಡಿದ ಆತ, ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಬಂದ ದೇವದೂತನು ಅವನನ್ನು ಗದರಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ರೊಟ್ಟಿ, ನೀರು ಕೊಟ್ಟು ಮಲಗಗೊಡುತ್ತಾನೆ. ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ಮುಂದಿನ ಮಾತೆಲ್ಲ ಆಮೇಲೆ.

ಯೇಸುಕ್ರಿಸ್ತನ ಕಾಲಕ್ಕೆ ಸಬ್ಬತ್ತಿನ ಸುತ್ತ ಕಟ್ಟುಕಟ್ಟಳೆಗಳು ಬೆಳೆದಿದ್ದವು. ಅಂದು ಹಸಿದ ಶಿಷ್ಯರು ತೆನೆ ಕಿತ್ತು ತಿಂದುದೂ, ಕೈ ಬತ್ತಿದವನನ್ನು ಯೇಸು ಗುಣಪಡಿಸಿದುದೂ ವಿವಾದವಾದವು. ಮನುಷ್ಯನಿಗಾಗಿ ಈ ದಿನವೇ ಹೊರತು ದಿನಕ್ಕಾಗಿ ಮನುಷ್ಯನಲ್ಲ ಎಂಬುದು ಅವನ ಉತ್ತರದ ಸಾರ. ಊಟಕ್ಕೂ ಬಿಡುವಿಲ್ಲದೆ ದುಡಿದು ಬಂದ ಶಿಷ್ಯರನ್ನು ಆತ ಏಕಾಂತಕ್ಕೆ ಕರೆದೊಯ್ದ ಸಂಗತಿ ಮಾರ್ಕನ ಸುವಾರ್ತೆಯಲ್ಲಿದೆ. ಆದರೆ ಜನರ ಗುಂಪು ಅವರಿಗಿಂತ ಮೊದಲೇ ಅಲ್ಲಿಗೆ ತಲಪಿದಾಗ ಆತ ಅವರನ್ನು ಅಟ್ಟಲಿಲ್ಲ. ವಿಶ್ರಾಂತಿ ಬೇಕು, ಆದರೆ ಅದು ಕರುಣೆಗೆ ಅಡ್ಡವಾಗಬಾರದು.

ಯೇಸು ಪುನರುತ್ಥಾನ ಹೊಂದಿದ್ದು ವಾರದ ಮೊದಲ ದಿನವೆಂದು ಆದಿಕ್ರೈಸ್ತರು ಆ ದಿನ ಕೂಡತೊಡಗಿದರು. ಅದು ಆಗ ಎಲ್ಲರಿಗೂ ದುಡಿಮೆಯ ದಿನವಾಗಿತ್ತು. ಕ್ರೈಸ್ತರು ಗೊತ್ತಾದ ದಿನದಂದು ಬೆಳಗಾಗುವ ಮೊದಲೇ ಸೇರುತ್ತಿದ್ದರೆಂದು ರೋಮನ್ ಅಧಿಕಾರಿ ಪ್ಲಿನಿ ಸುಮಾರು ಕ್ರಿ.ಶ. 112ರಲ್ಲಿ ಚಕ್ರವರ್ತಿಗೆ ಬರೆದಿದ್ದಾನೆ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಆದಿತ್ಯವಾರ ನ್ಯಾಯಾಲಯ, ಕಾರ್ಯಾಗಾರಗಳಿಗೆ ಬಿಡುವು ಕೊಟ್ಟನು. ಬಿತ್ತನೆಯ ಹದ ತಪ್ಪಬಾರದೆಂದು ರೈತರಿಗೆ ಮಾತ್ರ ವಿನಾಯಿತಿ! ಸೆವೆಂತ್ ಡೇ ಅಡ್ವೆಂಟಿಸ್ಟರಂಥ ಕೆಲವು ಪಂಗಡಗಳು ಇಂದಿಗೂ ಶನಿವಾರವನ್ನೇ ಆಚರಿಸುತ್ತವೆ.

ಬಿಡುವಿನ ದಿನವೊಂದಿದ್ದರೆ ಸಾಲದು, ಎಲ್ಲರಿಗೂ ಒಟ್ಟಿಗೆ ಬರಬೇಕು ಎಂಬುದನ್ನು ಸೋವಿಯತ್ ರಷ್ಯಾ ಅನುಭವದಿಂದ ಕಲಿಯಿತು. ಯಂತ್ರಗಳು ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಕೆಲಸಗಾರರನ್ನು ಐದು ಗುಂಪು ಮಾಡಿ, ಐದು ದಿನಕ್ಕೊಮ್ಮೆ ಬೇರೆ ಬೇರೆ ದಿನ ರಜೆ ಕೊಟ್ಟರು. ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ! ರಜೆ ಹೆಚ್ಚಾಯಿತು, ಮನೆ ಮಾತ್ರ ಒಂದಾಗಲಿಲ್ಲ. ವ್ಯವಸ್ಥೆ ಬದಲಾಗುತ್ತ ಹೋಗಿ, 1940ರಲ್ಲಿ ಏಳು ದಿನದ ವಾರವೂ ಆದಿತ್ಯವಾರದ ರಜೆಯೂ ಮರಳಿದವು.

ನಮ್ಮ ದೇಶದಲ್ಲಿ ಆದಿತ್ಯವಾರದ ರಜೆ ತಾನಾಗಿ ಬಂದುದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರದ ರಜೆ ಬೇಕೆಂದು ಜ್ಯೋತಿಬಾ ಫುಲೆಯವರ ಸಹವರ್ತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದಲೇ ಒತ್ತಾಯಿಸಿದರು. ಗಿರಣಿ ಮಾಲಿಕರು ಒಪ್ಪಿದ್ದು 1890ರಲ್ಲಿ. 1948ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಕಾರ್ಮಿಕನ ಹಕ್ಕೆಂದು ಬರೆಯಲಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಎತ್ತಿದವರು ನನ್ನ ಕ್ರೈಸ್ತ ಸಹೋದ್ಯೋಗಿಯೊಬ್ಬರ ವೃದ್ಧ ತಾಯಿ. ಆ ಮನೆಯಲ್ಲಿ ಆದಿತ್ಯವಾರವೆಂದರೆ ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ನೆಂಟರಿಷ್ಟರು, ಭರ್ಜರಿ ಊಟ. ಒಂದು ದಿನ ಊಟದ ಹೊತ್ತಿಗೆ ಮಗನು ಹತ್ತು ಆಜ್ಞೆಗಳ ಭಾಗವನ್ನು ಓದಿ ಹೇಳಿದಾಗ ಆ ತಾಯಿ ಸೌಟು ಹಿಡಿದುಕೊಂಡೇ ಕೇಳಿದರಂತೆ: "ಅದರಲ್ಲಿ ಮಗ ಇದ್ದಾನೆ, ಮಗಳಿದ್ದಾಳೆ, ಎತ್ತು ಕತ್ತೆಗಳೂ ಇವೆ. ಹೆಂಡತಿಯ ಹೆಸರು ಎಲ್ಲಿದೆ ಮಗಾ?"

"ಉತ್ತರ ಹೊಳೆಯಲಿಲ್ಲ ಮಾಸ್ಟ್ರೇ" ಎಂದರು ಸಹೋದ್ಯೋಗಿ. ಆಜ್ಞೆಯಲ್ಲಿ 'ನೀನು' ಎಂದರೆ ಗಂಡಹೆಂಡಿರಿಬ್ಬರೂ ಸೇರಿದರೆಂದು ವ್ಯಾಖ್ಯಾನಕಾರರು ಹೇಳುವುದುಂಟು. ಆದರೆ ಅಡುಗೆಮನೆಗೆ ಆ ವ್ಯಾಖ್ಯಾನ ತಲಪಿದಂತಿಲ್ಲ. ಲೂಕನ ಸುವಾರ್ತೆಯಲ್ಲಿ, ಅತಿಥಿಸತ್ಕಾರದ ಗಡಿಬಿಡಿಯಲ್ಲಿದ್ದ ಮಾರ್ಥಳಿಗೆ ಇಷ್ಟು ಚಿಂತೆ ಬೇಡವೆಂದು ಯೇಸು ಹೇಳುತ್ತಾನೆ. ಆ ದಿನದ ಅಡುಗೆ ಕೊನೆಗೆ ಯಾರು ಮಾಡಿದರೋ ಲೂಕನು ಬರೆದಿಲ್ಲ!

ದಾರಿ ತೋರಿಸುವ ಪ್ರಸಂಗ ಅದೇ ಗ್ರಂಥದಲ್ಲಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನಾ ಎಂಬ ಆಹಾರ ದೊರೆಯುತ್ತಿದ್ದಾಗ ಆರನೆಯ ದಿನ ಎರಡು ಪಾಲು ಸಿಗುತ್ತಿತ್ತು, ಏಳನೆಯ ದಿನ ಯಾರೂ ಕೂಡಿಸಲು ಹೋಗಬಾರದೆಂದು. ವಿಶ್ರಾಂತಿಗೆ ಮುಂಚಿತವಾಗಿ ಸಿದ್ಧತೆ ಬೇಕು. ಆ ಸಿದ್ಧತೆ ಒಬ್ಬರ ಹೆಗಲ ಮೇಲೆಯೇ ಬೀಳಬಾರದು. ಈಗ ಆ ಸಹೋದ್ಯೋಗಿಯ ಮನೆಯಲ್ಲಿ ಶನಿವಾರ ಸಂಜೆಯೇ ಎಲ್ಲರೂ ಸೇರಿ ಪದಾರ್ಥ ಮಾಡಿಡುತ್ತಾರೆ. ಆದಿತ್ಯವಾರ ಮಧ್ಯಾಹ್ನ ಗಂಜಿ ಬೇಯಿಸಿ ಬಡಿಸುವವರು ಮೊಮ್ಮಕ್ಕಳು. ಊಟ ಸರಳವಾಯಿತು, ಅಜ್ಜಿ ಎಲ್ಲರ ಜೊತೆ ಕುಳಿತು ಉಣ್ಣುವಂತಾಯಿತು.

ಇದನ್ನು ಕೇಳಿದ ಮೇಲೆ ನನ್ನ ಮನೆಯ ಕಡೆ ಕಣ್ಣು ಹಾಯಿಸಿದೆ. ಆದಿತ್ಯವಾರ ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತೇನೆ, ಮೊಬೈಲಿಗೆ ಬಂದ ಶಾಲೆಯ ಸಂದೇಶಗಳಿಗೆ ಉತ್ತರಿಸುತ್ತೇನೆ, ನಡುನಡುವೆ ಚಹಾಕ್ಕೆ ಕೂಗುತ್ತೇನೆ. ನಾನೂ ವಿಶ್ರಮಿಸಲಿಲ್ಲ, ಚಹಾ ತಂದವಳಿಗೂ ವಿಶ್ರಾಂತಿ ಕೊಡಲಿಲ್ಲ. ಕ್ರೈಸ್ತರಾಗಲಿ ಅಲ್ಲದವರಾಗಲಿ, ಈ ಹಳೆಯ ಆಜ್ಞೆಯಿಂದ ಕಲಿಯುವುದು ನಮಗೆಲ್ಲ ಇದೆ. ಬರುವ ಆದಿತ್ಯವಾರ ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ನೋಡಿ, ಅವರನ್ನು ಮೊದಲು ಕೂರಿಸೋಣ.