ಗುರುವಾರದ ಹಳದಿ ಹರಳು

ಗುರುವಾರವೂ ಪುಷ್ಯ ನಕ್ಷತ್ರವೂ ಕೂಡಿ ಬಂದ ದಿನವನ್ನು ಮರಾಠಿ ಪಂಚಾಂಗ ಗುರುಪುಷ್ಯಾಮೃತ ಎಂದು ಗುರುತಿಸುತ್ತದೆ. ಅಂದು ಠಾಣೆಯ ರಾಮ್ ಮಾರುತಿ ರಸ್ತೆಯಿಂದ ಡೊಂಬಿವಲಿಯ ಫಡ್ಕೆ ರಸ್ತೆಯವರೆಗೆ ಚಿನ್ನದಂಗಡಿಗಳಿಗೆ ಬಿಡುವಿಲ್ಲ. ಗುಲಗಂಜಿ ತೂಕವಾದರೂ ಸರಿ, ಚಿನ್ನ ಮನೆಗೆ ಬರಲಿ ಎನ್ನುವವರು ಕೆಲವರು. ಗುರುಬಲಕ್ಕೆಂದು ಉಂಗುರಕ್ಕೆ ಹಳದಿ ಹರಳು ಕಟ್ಟಿಸಲು ಬಂದವರು ಇನ್ನು ಕೆಲವರು. ಕೈಯಲ್ಲಿ ಕಾಸಿದ್ದವರು ಪುಷ್ಯರಾಗ ಕೇಳುತ್ತಾರೆ. ಉಳಿದವರ ಮುಂದೆ ಅಂಗಡಿಯವರು ಮಡಿಸಿದ ಕಾಗದದ ಪೊಟ್ಟಣ ಬಿಚ್ಚುತ್ತಾರೆ. ಅದರಲ್ಲಿರುವುದು ಸುನೆಲಾ, ಅಂದರೆ ಸಿಟ್ರಿನ್.

ಉಡುಪಿ, ಕುಂದಾಪುರ, ಕಾರವಾರ, ವಿಜಯಪುರ, ಕಲಬುರಗಿಗಳಿಂದ ಬಂದು ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲ್‌ಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಪುಷ್ಯರಾಗ ನವರತ್ನದ ಪಟ್ಟಿಯಿಂದಲೇ ಪರಿಚಿತ. ಸುನೆಲಾದ ಪರಿಚಯವಾದದ್ದು ಹೆಚ್ಚಾಗಿ ಇಲ್ಲಿನ ಮರಾಠಿ, ಮಾರವಾಡಿ ಅಂಗಡಿಗಳಲ್ಲಿ. ಅದಕ್ಕೇ ಇರಬೇಕು, ಇದನ್ನು 'ಬಡವರ ಪುಷ್ಯರಾಗ' ಎಂದು ಕೈಗಿಟ್ಟುಕೊಂಡು, ಮಾತು ಬಂದಾಗ ಬರೀ ಪುಷ್ಯರಾಗ ಎಂದುಬಿಡುವವರು ಬಹಳ. ಹಾಗೆ ವೇಷ ಹಾಕಿಸುವ ಅಗತ್ಯ ಈ ಕಲ್ಲಿಗೆ ಇಲ್ಲ.

ಕಲ್ಲಿನ ಕುಲ

ಸಿಟ್ರಿನ್ ಸ್ಫಟಿಕದ ಕುಲದ್ದು. ಜಪಮಾಲೆಯ ಬಿಳಿ ಸ್ಫಟಿಕ, ನೇರಳೆ ಬಣ್ಣದ ಅಮೆಥಿಸ್ಟ್, ಈ ಹಳದಿ ಹರಳು ಮೂರೂ ಸಿಲಿಕಾನ್ ಡೈಆಕ್ಸೈಡೇ. ಒಳಗೆ ಸೇರಿದ ಕಬ್ಬಿಣದ ಅತ್ಯಲ್ಪ ಅಂಶ ಇದಕ್ಕೆ ಹಳದಿ ಕೊಡುತ್ತದೆ. ನೆಲದಲ್ಲೇ ಹಳದಿಯಾಗಿ ಬೆಳೆದ ಸಿಟ್ರಿನ್ ಅಪರೂಪ. ಅದರ ಬಣ್ಣವೂ ತಿಳಿ. ಎಳೆ ನಿಂಬೆಯಿಂದ ಹೊಗೆ ಸವರಿದ ಹಳದಿಯವರೆಗೆ. ಪೇಟೆಯಲ್ಲಿ ಕಾಣುವ ಕಡು ಜೇನುಬಣ್ಣದ ಹರಳುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಅಮೆಥಿಸ್ಟ್ ಆಗಿದ್ದವು. ಬ್ರೆಜಿಲ್‌ನಂಥ ದೇಶಗಳಿಂದ ಬಂದ ಆ ನೇರಳೆ ಕಲ್ಲನ್ನು ಸುಮಾರು 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ನೇರಳೆ ಹೋಗಿ ಹಳದಿ, ಕೇಸರಿ ಬಣ್ಣ ಏಳುತ್ತದೆ. ರತ್ನ ವ್ಯಾಪಾರದಲ್ಲಿ ಇದು ಒಪ್ಪಿತ ಪದ್ಧತಿ. ಮುಚ್ಚಿಟ್ಟರೆ ಮಾತ್ರ ತಪ್ಪು.

ಮೋಸ್ ಮಾಪಕದಲ್ಲಿ ಇದರ ಗಡಸುತನ 7. ನಿಜವಾದ ಪುಷ್ಯರಾಗ ಕೊರಂಡಮ್ ಜಾತಿಯದು, ಮಾಣಿಕ್ಯ ಮತ್ತು ನೀಲದ ಒಡಹುಟ್ಟು, ಗಡಸುತನ 9. ಇವೆರಡರ ನಡುವೆ 8ರ ಗಡಸಿನ ಟೋಪಾಜ್ ಎಂಬ ಮೂರನೆಯ ಹಳದಿ ಕಲ್ಲೂ ಇದೆ. ಸಿಟ್ರಿನ್ನನ್ನು ಟೋಪಾಜ್ ಹೆಸರಲ್ಲಿ ಮಾರುವ ಚಾಳಿ ಪಶ್ಚಿಮದ ಪೇಟೆಗಳಲ್ಲೂ ಬಹುಕಾಲ ಇತ್ತು. ಅಮೆರಿಕದ ಆಭರಣ ವ್ಯಾಪಾರಿಗಳು 1912ರಲ್ಲಿ ಜನ್ಮಮಾಸದ ರತ್ನಗಳನ್ನು ಗೊತ್ತುಮಾಡಿದಾಗ ನವೆಂಬರ್ ತಿಂಗಳಿಗೆ ಸಿಕ್ಕಿದ್ದು ಟೋಪಾಜ್. 1952ರಲ್ಲಿ ಅದರ ಪಕ್ಕಕ್ಕೆ ಸಿಟ್ರಿನ್ ಹೆಸರೂ ಸೇರಿತು.

ಗುರುವಿನ ಬಣ್ಣ

ನಮ್ಮ ಲೆಕ್ಕದಲ್ಲಿ ಹಳದಿ ಎಂದರೆ ಬೃಹಸ್ಪತಿ. ನವಗ್ರಹ ಪೂಜೆಯಲ್ಲಿ ಗುರುವಿಗೆ ಹಳದಿ ವಸ್ತ್ರ, ಕಡಲೆ ಧಾನ್ಯ, ರತ್ನಗಳಲ್ಲಿ ಪುಷ್ಯರಾಗ. ವಿದ್ಯೆ, ಸಂತಾನ, ಮದುವೆ, ಧನ ಇವೆಲ್ಲ ಗುರುವಿನ ಕೈಯಲ್ಲಿವೆ ಎಂಬುದು ಜ್ಯೋತಿಷ್ಯದ ನಂಬಿಕೆ. ರತ್ನಕ್ಕೆ ಶಕ್ತಿ ಸಾಲದವರಿಗೆ ಉಪರತ್ನ ಎಂಬ ವ್ಯವಸ್ಥೆಯಿದೆ; ಪುಷ್ಯರಾಗದ ಉಪರತ್ನವೇ ಸುನೆಲಾ. ಚಿನ್ನ ಅಥವಾ ಪಂಚಲೋಹದಲ್ಲಿ ಕಟ್ಟಿಸಿ, ಗುರುವಾರ ಬೆಳಿಗ್ಗೆ ಹಾಲುನೀರಿನಲ್ಲಿ ಅದ್ದಿ ಪೂಜಿಸಿ, ತೋರುಬೆರಳಿಗೆ ಹಾಕಿಕೊಳ್ಳುವುದು ರೂಢಿ. ಕಲ್ಲು ಚರ್ಮಕ್ಕೆ ತಾಗಬೇಕೆಂದು ಉಂಗುರದ ತಳ ತೆರೆದಿರುತ್ತದೆ.

ಈಚೆಗೆ ಇನ್ನೊಂದು ನಂಬಿಕೆಯೂ ಬಂದು ಸೇರಿದೆ. ಪಶ್ಚಿಮದ ಹರಳುಚಿಕಿತ್ಸೆಯವರು ಸಿಟ್ರಿನ್ನನ್ನು ವ್ಯಾಪಾರಿಯ ಕಲ್ಲು ಎನ್ನುತ್ತಾರೆ, ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬ ಅರ್ಥದಲ್ಲಿ. ಸಿಟ್ರಿನ್ ಮಣಿಗಳ ಕೈಪಟ್ಟಿ, ತಂತಿಗೆ ಹರಳು ಸುತ್ತಿದ ಪುಟ್ಟ ಮರ ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಹೀಗೆ ತಾಯಿಯ ತೋರುಬೆರಳಿನಲ್ಲಿ ಗುರುವಿಗಾಗಿ ಕುಳಿತ ಕಲ್ಲೇ ಮಗಳ ಮಣಿಕಟ್ಟಿನಲ್ಲಿ ಬಡ್ತಿಗಾಗಿ ಕುಳಿತಿರುತ್ತದೆ. ಹರಳು ಹಣೆಬರಹ ತಿದ್ದುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಆದರೂ ಪರೀಕ್ಷೆಗೆ ಹೊರಟ ಮಗನ ಬೆರಳಿಗೆ ತಾಯಿ ತೊಡಿಸಿದ ಉಂಗುರದಲ್ಲಿ ಅವಳ ಹಾರೈಕೆಯಂತೂ ಇದೆ. ಅದಕ್ಕೆ ಕೆಲವು ನೂರು ರೂಪಾಯಿಯ ಕ್ಯಾರೆಟ್ ಸಾಕು; ಸಾಲ ಮಾಡಿ ಲಕ್ಷದ ಕಲ್ಲು ತರಬೇಕಿಲ್ಲ.

ಹಳೆಯ ಪೇಟೆ, ಹೊಸ ಹಳಿ

ಈ ಸೀಮೆಗೆ ಆಭರಣದ ನಂಟು ಇಂದಿನದಲ್ಲ. ಕಲ್ಯಾಣ ಎಂದೊಡನೆ ನಮಗೆ ಬಸವಣ್ಣನವರ ಊರು ನೆನಪಾಗುತ್ತದೆ. ಇದು ಕೊಂಕಣದ ಕಲ್ಯಾಣ, ಉಲ್ಹಾಸ್ ನದಿಯ ಬಂದರು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಇದನ್ನು ಹೆಸರಿಸುತ್ತದೆ. ಕನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಕಲ್ಯಾಣದವರ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರಲ್ಲೊಬ್ಬ ಸಾಮಿದತ್ತ ಎಂಬ ಅಕ್ಕಸಾಲಿಗ. ಭಿಕ್ಷುಗಳಿಗೆ ಅವನು ಕೊಟ್ಟದ್ದು ನೀರಿನ ತೊಟ್ಟಿ.

ಕಲ್ಯಾಣದ ಆಚೆಗಿನ ಮುರಬಾಡಿನಲ್ಲಿ 1803ರಲ್ಲಿ ಹುಟ್ಟಿದ ಜಗನ್ನಾಥ ಶಂಕರಶೇಟರು ದೈವಜ್ಞ ಸಮಾಜದವರು. ಕರಾವಳಿ ಕರ್ನಾಟಕದ ಶೇಟರ ಮನೆಗಳಂತೆ ಚಿನ್ನದ ಕೆಲಸ ಆ ಸಮಾಜದ ಕುಲಕಸುಬು. ಮುಂಬಯಿಗೆ ರೈಲು ತರಲು ಓಡಾಡಿದ ಪ್ರಮುಖರಲ್ಲಿ ಅವರೂ ಒಬ್ಬರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲು ಮುಟ್ಟಿದ್ದು ಠಾಣೆಯನ್ನು. ಮರುವರ್ಷ ಹಳಿ ಕಲ್ಯಾಣ ತಲುಪಿತು. ಇಂದು ನಮ್ಮವರು ಲೋಕಲ್ ಹಿಡಿಯುವುದು ಇದೇ ಹಳಿಯ ಮೇಲೆ. ಠಾಣೆ ದಾಟಿದ ಮೇಲೆ ಸಿಗುವ ಪಾರಸಿಕ್ ಗುಡ್ಡವೂ ಈ ಕಥೆಗೆ ಹೊರತಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾದ ದಖ್ಖನ್ ಕಪ್ಪುಕಲ್ಲು ಅದು. ಅಂಥ ಕಲ್ಲಿನ ಪೊಟರೆಗಳಲ್ಲಿ ಸ್ಫಟಿಕ, ಅಮೆಥಿಸ್ಟ್ ಹರಳುಗಟ್ಟುವುದನ್ನು ಮಹಾರಾಷ್ಟ್ರದ ಕ್ವಾರಿಗಳಲ್ಲಿ ಕಾಣಬಹುದು. ಅಂಗಡಿಯ ಸಿಟ್ರಿನ್ ಮಾತ್ರ ಇಲ್ಲಿಯದಲ್ಲ. ಹೊರದೇಶದಿಂದ ಬಂದ ಒರಟು ಕಲ್ಲಿಗೆ ಸಾಣೆ ಹಿಡಿಯುವ ನಮ್ಮ ದೊಡ್ಡ ಕೇಂದ್ರ ಜೈಪುರ.

ಬಿಲ್ಲಿನಲ್ಲಿ ಏನಿರಬೇಕು

ಹಾಲ್‌ಮಾರ್ಕ್ ಇದೆ ಎಂದರೆ ಎಲ್ಲ ಸರಿಯಿದೆ ಎಂದುಕೊಳ್ಳುವವರಿದ್ದಾರೆ. 2023ರ ಏಪ್ರಿಲ್ 1ರಿಂದ ಆಭರಣದ ಮೇಲೆ ಇರಲೇಬೇಕಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಚಿನ್ನದ ಶುದ್ಧತೆಗೆ ಸಾಕ್ಷಿ. ಹರಳಿನ ಜಾತಿಯ ಬಗ್ಗೆ ಅದು ಏನನ್ನೂ ಹೇಳದು. ಕಲ್ಲಿನ ತೂಕ ಕಳೆದ ನಿವ್ವಳ ಚಿನ್ನದ ತೂಕ ಬೇರೆ, ಕಲ್ಲಿನ ತೂಕ ಬೇರೆ ಬರೆದಿರಬೇಕು. ಇಲ್ಲವಾದರೆ ಸ್ಫಟಿಕವನ್ನು ಚಿನ್ನದ ದರದಲ್ಲಿ ಕೊಂಡಂತೆ.

ತೂಕದಲ್ಲಿ ಇನ್ನೊಂದು ಗೊಂದಲ ರತ್ತಿಯದು. ಅಕ್ಕಸಾಲಿಗರ ರತ್ತಿ ಸುಮಾರು 0.6 ಕ್ಯಾರೆಟ್, ರತ್ನದಂಗಡಿಯ ರತ್ತಿ ಸುಮಾರು 0.91 ಕ್ಯಾರೆಟ್. ಜ್ಯೋತಿಷಿ 'ಐದು ರತ್ತಿ' ಎಂದರೆ ಯಾವ ಐದು ಎಂದು ಕೇಳಬೇಕಾಗುತ್ತದೆ. 200 ಮಿಲಿಗ್ರಾಂಗೆ ಒಂದು ಕ್ಯಾರೆಟ್ ಎಂಬ ಲೆಕ್ಕ ಎಲ್ಲೆಡೆ ಒಂದೇ, ಆದ್ದರಿಂದ ಬಿಲ್ಲು ಕ್ಯಾರೆಟ್‌ನಲ್ಲಿರಲಿ.

ಬಿಡಿಹರಳಾದರೆ ತೂಕವೇ ಗುಟ್ಟು ಬಿಟ್ಟುಕೊಡುತ್ತದೆ. ಪುಷ್ಯರಾಗದ ಸಾಪೇಕ್ಷ ಸಾಂದ್ರತೆ 4, ಸಿಟ್ರಿನ್‌ನದು 2.65. ಒಂದೇ ಗಾತ್ರದ ಎರಡು ಹರಳುಗಳಲ್ಲಿ ಪುಷ್ಯರಾಗ 4 ಕ್ಯಾರೆಟ್ ತೂಗಿದರೆ ಸಿಟ್ರಿನ್ ಸುಮಾರು 2.65 ಮಾತ್ರ ತೂಗುತ್ತದೆ. ಭೂತಗನ್ನಡಿಯಲ್ಲಿ ಗುಂಡನೆಯ ಗಾಳಿಗುಳ್ಳೆ ಕಂಡರೆ ಅದು ಹೆಚ್ಚಾಗಿ ಗಾಜು. ದೊಡ್ಡ ಮೊತ್ತದ ವ್ಯವಹಾರವಾದರೆ ಮುಂಬಯಿಯ ರತ್ನ ಪರೀಕ್ಷಾಲಯವೊಂದರಿಂದ ಪ್ರಮಾಣಪತ್ರ ಪಡೆಯುವುದು ಲೇಸು.

ಆರೈಕೆ

ಸುನೆಲಾದ ಹೊಳಪು ಕುಂದಿತು, ಗ್ರಹದೋಷವನ್ನು ಹೀರಿಕೊಂಡಿತು ಎಂದು ಹೇಳುವುದುಂಟು. ಉಂಗುರ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಕಾರಣ ತಳದಲ್ಲಿರುತ್ತದೆ. ತೆರೆದ ತಳದಲ್ಲಿ ಕೊಬ್ಬರಿ ಎಣ್ಣೆ, ಸಾಬೂನಿನ ಜಿಡ್ಡು, ಅರಿಸಿನ, ಹಿಟ್ಟು ಕೂತು ಬೆಳಕಿನ ದಾರಿ ಕಟ್ಟುತ್ತವೆ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಮೆದು ಸಾಬೂನು ಹಾಕಿ, ಅಥವಾ ನಮ್ಮ ಅಕ್ಕಸಾಲಿಗರ ಹಳೆಯ ಅಂಟುವಾಳಕಾಯಿ ನೆನೆಸಿಟ್ಟ ನೀರಿನಲ್ಲಿ, ಮೆತ್ತನೆಯ ಬ್ರಷ್‌ನಿಂದ ಹಿಂಬದಿ ಉಜ್ಜಿ, ತೊಳೆದು, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಹಲ್ಲುಪುಡಿ, ಟೂತ್‌ಪೇಸ್ಟ್ ಬೇಡ, ಚಿನ್ನದ ನಯ ಕೆಡುತ್ತದೆ. ಸೋಡಾದಂಥ ಕ್ಷಾರ, ಬ್ಲೀಚಿಂಗ್ ಪುಡಿ ದೂರವಿರಲಿ.

ಧೂಳು ಕೂತ ಉಂಗುರವನ್ನು ಒಣಬಟ್ಟೆಯಲ್ಲಿ ಉಜ್ಜಬಾರದು. ರಸ್ತೆಯ ಧೂಳಿನಲ್ಲಿ ಸ್ಫಟಿಕದ ಕಣಗಳೂ ಇರುತ್ತವೆ; ಸಮಗಡಸಿನ ಅವು ಹರಳಿನ ಅಂಚನ್ನು ಮೆಲ್ಲಗೆ ಸವೆಸುತ್ತವೆ. ವಜ್ರ, ಪುಷ್ಯರಾಗದ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಸಿಟ್ರಿನ್‌ಗೆ ಗೀರು; ಮುತ್ತು, ಹವಳದ ಜೊತೆ ಇಟ್ಟರೆ ಅವಕ್ಕೆ ಗೀರು. ಪ್ರತ್ಯೇಕ ಬಟ್ಟೆಚೀಲವೇ ಒಳ್ಳೆಯದು. ಬೆಳ್ಳಿಯಲ್ಲಿ ಕಟ್ಟಿಸಿದ್ದಾದರೆ ಈ ಖಾಡಿ ಸೀಮೆಯ ಮಳೆಗಾಲದ ತೇವಕ್ಕೆ ಬೇಗ ಕಪ್ಪಾಗುತ್ತದೆ, ಗಾಳಿಯಾಡದ ಪೊಟ್ಟಣದಲ್ಲಿಡಬೇಕು.

ಲೋಕಲ್ ರೈಲಿನ ಉಕ್ಕಿನ ಕಂಬ ಹಿಡಿದು ದಿನಾ ಓಡಾಡುವವರಿಗೆ ಕಲ್ಲಿನ ಚಿಂತೆ ಬೇಡ. ಉಕ್ಕಿಗಿಂತ ಅದು ಗಡಸು. ಸವೆಯುವುದು, ಬಾಗುವುದು ಅದನ್ನು ಹಿಡಿದ ಚಿನ್ನದ ಉಗುರುಗಳು. ಉಂಗುರವನ್ನು ಕಿವಿಯ ಬಳಿ ತಂದು ಮೆಲ್ಲಗೆ ತಟ್ಟಿದಾಗ ಕಟಕಟ ಸದ್ದು ಬಂದರೆ, ಉಗುರಿಗೆ ಹತ್ತಿಯ ಎಳೆ ಸಿಕ್ಕಿಕೊಂಡರೆ, ಆ ದಿನವೇ ಅಕ್ಕಸಾಲಿಗರಿಗೆ ತೋರಿಸಬೇಕು.

ಸಿಟ್ರಿನ್‌ಗೆ ನಿಜವಾದ ಅಪಾಯ ಶಾಖ. ಬಿಸಿಯಿಂದ ತಟ್ಟನೆ ತಣ್ಣೀರಿಗೆ ಬಿದ್ದರೆ ಬಿರುಕು ಬಿಡಬಹುದು. ಆವಿಯ ಯಂತ್ರದ ಶುಚಿ ಬೇಡ. ಕಿಟಕಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೆಲವು ಹರಳುಗಳ ಬಣ್ಣ ಮಾಸುತ್ತದೆ. ಉಂಗುರದ ಅಳತೆ ಬದಲಿಸುವಾಗ ಹರಳು ಕಳಚದೆ ಬೆಸುಗೆಯ ಜ್ವಾಲೆ ಹಿಡಿದರೆ ಬಣ್ಣವೂ ಹೋದೀತು, ಕಲ್ಲೂ ಸೀಳೀತು.

ಬಿಲ್ಲಿನಲ್ಲಿ 'ಹಳದಿ ಕಲ್ಲು' ಎಂದೋ 'ಪುಷ್ಯರಾಗ' ಎಂದೋ ಬರೆಸಿಕೊಂಡು ಸುಮ್ಮನಾಗಬಾರದು ಎನ್ನುವುದು ಇದಕ್ಕೇ. ಬೆರಳು ದಪ್ಪವಾದಾಗ, ಸೊಸೆಗೆ ಕೊಡುವಾಗ, ಮೊಮ್ಮಗಳು ಪದಕ ಮಾಡಿಸುವಾಗ ಈ ಉಂಗುರ ಇನ್ನೊಬ್ಬ ಅಕ್ಕಸಾಲಿಗನ ಕುಲುಮೆಯ ಮುಂದೆ ಕೂರುತ್ತದೆ. ಜ್ವಾಲೆ ಹಚ್ಚುವ ಮುನ್ನ ಅವನಿಗೆ ಗೊತ್ತಿರಬೇಕಾದದ್ದು ಕಲ್ಲಿನ ನಿಜವಾದ ಹೆಸರು. 'ಸಿಟ್ರಿನ್, ಕಾಯಿಸಿದ್ದು, ಇಷ್ಟು ಕ್ಯಾರೆಟ್' ಎಂದು ಬರೆದ ಚೀಟಿ ಉಂಗುರದ ಡಬ್ಬಿಯಲ್ಲೇ ಇರಲಿ.