ಬಚ್ಚಲ ನೀರು, ಬಸಳೆ ಚಪ್ಪರ: ಬೇಸಿಗೆಯ ಕೈತೋಟದ ಲೆಕ್ಕಾಚಾರ



ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,500 ಮಿಲಿಮೀಟರು ಮಳೆ ಬೀಳುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರು ಸುರಿದ ದಾಖಲೆಯೂ ಇದೆ. ಇಂತಹ ಊರಿನವರು ನೀರಿನ ಮಿತವ್ಯಯದ ಮಾತು ಎತ್ತಿದರೆ ಬಯಲುಸೀಮೆಯವರು ನಕ್ಕಾರು. ಆದರೆ ಶಿವರಾತ್ರಿ ಕಳೆಯುತ್ತಲೇ ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಮನೆಗಳ ಬಾವಿಯ ಹಗ್ಗಕ್ಕೆ ಇನ್ನೆರಡು ಮಾರು ಗಂಟು ಹಾಕಬೇಕಾಗುತ್ತದೆ ಎಂಬುದು ನಮಗೆ ನಿಮಗೆ ತಿಳಿಯದ ಸಂಗತಿಯಲ್ಲ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಮುಗಿದುಹೋಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲ ಜರಡಿಯಂತೆ. ಕುಡಿದ ನೀರನ್ನು ಬೇಗನೆ ಒರತೆಗೆ, ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಹೀಗಾಗಿ ಮಾಘ ಮಾಸದ ನಂತರ ಉಳಿಯುವ ನೀರಿಗೆ ಹಕ್ಕುದಾರರು ಹಲವರು. ಮೊದಲು ಕುಡಿಯಲು, ಬಳಿಕ ಕೊಟ್ಟಿಗೆಗೆ, ಆಮೇಲೆ ಅಡಿಕೆ ಮತ್ತು ಕಾಫಿಗೆ. ಸಾಲಿನ ಕೊನೆಯಲ್ಲಿ ನಿಲ್ಲುವುದು ಹಿತ್ತಲಿನ ತರಕಾರಿ. ಮಾರ್ಚಿ ತಿಂಗಳಲ್ಲಿ ಅದು ಒಣಗುತ್ತದೆ, ನಾವು ಸಂತೆಯ ಚೀಲ ಹಿಡಿಯುತ್ತೇವೆ.

ಎಲೆಚುಕ್ಕಿ ರೋಗವು ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳ ಇಳುವರಿಗೆ ಪೆಟ್ಟು ಕೊಟ್ಟಿರುವ ಈ ವರ್ಷಗಳಲ್ಲಿ ಸಂತೆಯ ಖರ್ಚು ಸಣ್ಣ ಹಿಡುವಳಿದಾರರಿಗೆ ಸಣ್ಣ ಮಾತಲ್ಲ. ಒಂದೆಕರೆ, ಎರಡೆಕರೆಯ ಕುಟುಂಬಕ್ಕೆ ಕೈತೋಟವೆಂದರೆ ಹವ್ಯಾಸವಲ್ಲ, ಆದಾಯದ ಒಂದು ಪಾಲು. ಆದುದರಿಂದ ಬೇಸಿಗೆಯಲ್ಲಿ ಅದನ್ನು ಎಷ್ಟು ನೀರಿನಲ್ಲಿ ಉಳಿಸಿಕೊಳ್ಳಬಹುದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಲೆಕ್ಕ ಎಷ್ಟು?

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಒಂದು ಲೀಟರು. ನಮ್ಮ ಬೇಸಿಗೆಯ ಬಿಸಿಲಿಗೆ ತರಕಾರಿ ಮಡಿಯೊಂದು ದಿನಕ್ಕೆ 4ರಿಂದ 5 ಮಿಲಿಮೀಟರು, ಎಂದರೆ ಚದರ ಮೀಟರಿಗೆ 4ರಿಂದ 5 ಲೀಟರು ನೀರು ಕಳೆದುಕೊಳ್ಳುತ್ತದೆ. ಐದು ಜನರ ಮನೆಗೆ ಸೊಪ್ಪು, ಬಳ್ಳಿ ತರಕಾರಿ, ನಾಲ್ಕು ಮೆಣಸಿನ ಗಿಡ ಕೊಡಲು 30 ಚದರ ಮೀಟರು, ಸುಮಾರು 320 ಚದರ ಅಡಿ, ಸಾಕು. ಅದಕ್ಕೆ ದಿನಕ್ಕೆ ಬೇಕಾದ ನೀರು 120ರಿಂದ 150 ಲೀಟರು.

ಇದನ್ನು ತೋಟದೊಡನೆ ಹೋಲಿಸಿ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ಎಂಬುದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಎಂದರೆ ಏಳೆಂಟು ಅಡಿಕೆ ಮರಗಳ ನೀರಿನಲ್ಲಿ ಒಂದು ಕುಟುಂಬದ ತರಕಾರಿ ಬೆಳೆಯುತ್ತದೆ. ನೀರು ಇಲ್ಲವೆಂದು ಹಿತ್ತಲನ್ನು ಬಿಟ್ಟುಕೊಡುವ ಮೊದಲು ಈ ಒಂದು ಅಂಕಿಯನ್ನು ಜ್ಞಾಪಕದಲ್ಲಿಡಬೇಕು.

ಇನ್ನು ಆ 150 ಲೀಟರಾದರೂ ಹೊಸದಾಗಿ ಎತ್ತಬೇಕಾದ ನೀರಲ್ಲ. ಐದು ಜನ ತಲಾ 20ರಿಂದ 25 ಲೀಟರಿನಲ್ಲಿ ಸ್ನಾನ ಮಾಡಿದರೆ 100ರಿಂದ 125 ಲೀಟರು ಬಚ್ಚಲಿನಿಂದ ಹೊರಗೆ ಹರಿಯುತ್ತದೆ. ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು ಸೇರಿದರೆ ಕೈತೋಟದ ಪಾಲು ಅಲ್ಲಿಗೇ ಸರಿಹೋಗುತ್ತದೆ. ನಮ್ಮ ಹಿರಿಯರು ಬಚ್ಚಲಿನ ಹಿಂದೆಯೇ ಬಸಳೆ ಚಪ್ಪರ, ಅದರಾಚೆ ಕೆಸುವು, ಬಾಳೆ ಇಟ್ಟದ್ದರಲ್ಲಿ ಈ ಲೆಕ್ಕ ಅಡಗಿದೆ.

ಬಚ್ಚಲ ನೀರನ್ನು ಬಳಸುವ ಕ್ರಮ

ಅಂದಿನ ಬಚ್ಚಲಿನಲ್ಲಿ ಸೀಗೆ, ಅಂಟುವಾಳ ಇದ್ದವು. ಇಂದು ಸಾಬೂನು, ಸೋಪಿನ ಪುಡಿಗಳಿವೆ. ಆದುದರಿಂದ ಕೆಲವು ಎಚ್ಚರ ಬೇಕು. ಸ್ನಾನದ ಮತ್ತು ಪಾತ್ರೆಯ ನೀರನ್ನು ಮೊದಲು ಎರಡು ಅಡಿ ಗುಂಡಿಗೆ ಬಿಡಿ. ಗುಂಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ಜಲ್ಲಿ ಇರಲಿ. ಜಿಡ್ಡು ಅಲ್ಲಿಯೇ ನಿಲ್ಲುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸಿಪ್ಪೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಹೊಸದನ್ನು ತುಂಬಬೇಕು. ಅಲ್ಲಿಂದ ಕಾಲುವೆಯಲ್ಲಿ ಬಸಳೆ, ಬಾಳೆ, ಕೆಸುವಿನ ಬುಡಕ್ಕೆ ದಿನಕ್ಕೊಂದು ಕಡೆಯಂತೆ ತಿರುಗಿಸಬೇಕು. ನೀರು ಮಣ್ಣಿಗೆ ಇಳಿಯಬೇಕೇ ಹೊರತು ನಿಲ್ಲಬಾರದು. ನಿಂತರೆ ಸೊಳ್ಳೆ.

ಬಟ್ಟೆ ಒಗೆಯುವ ಯಂತ್ರದ ನೀರಿನಲ್ಲಿ ಸೋಡಿಯಂ ಅಂಶ ಹೆಚ್ಚು. ಅದು ಮಣ್ಣಿನ ಹುಡಿತನವನ್ನು ಕೆಡಿಸುತ್ತದೆ. ಅದನ್ನು ತೆಂಗು, ಬಾಳೆಗೆ ಮಾತ್ರ ಬಿಟ್ಟರೆ ಕ್ಷೇಮ. ಹಸಿಯಾಗಿ ತಿನ್ನುವ ಒಂದೆಲಗ, ಕೊತ್ತಂಬರಿ, ಸೌತೆಗೆ ಯಾವ ಬಳಸಿದ ನೀರೂ ಬೇಡ, ಬಾವಿಯ ನೀರೇ ಆಗಬೇಕು. ಒಂದು ಅನುಕೂಲ ನಮಗಿದೆ. ಬಯಲುಸೀಮೆಯಲ್ಲಿ ಇಂತಹ ಲವಣ ವರ್ಷದಿಂದ ವರ್ಷಕ್ಕೆ ನೆಲದಲ್ಲಿ ಕೂಡುತ್ತ ಹೋಗುತ್ತದೆ. ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆಗಳು ಅದನ್ನು ತೊಳೆದು ಬಿಡುತ್ತವೆ. ಆದರೆ ಆ ಮಳೆಯೇ ಸುಣ್ಣದಂಶವನ್ನೂ ತೊಳೆದು ಮಣ್ಣನ್ನು ಹುಳಿಯಾಗಿಸುತ್ತದೆ. ಹಂಡೆ ಒಲೆಯ ಬೂದಿಯನ್ನು ಮಡಿಗಳಿಗೆ ತೆಳುವಾಗಿ ಎರಚಿದರೆ ಹುಳಿ ತಗ್ಗುವುದಲ್ಲದೆ ಪೊಟ್ಯಾಷ್ ಸಹ ದೊರೆಯುತ್ತದೆ. ಬೂದಿಯನ್ನು ಹಸಿ ಸಗಣಿಯೊಡನೆ ಬೆರೆಸಬಾರದು, ಸಾರಜನಕ ಗಾಳಿಗೆ ಹೋಗುತ್ತದೆ. ಕಾಫಿ ಹಣ್ಣು ತೊಳೆದ ಪಲ್ಪರ್ ನೀರು ಆಮ್ಲೀಯವಾದುದರಿಂದ ಅದನ್ನು ಕೈತೋಟದ ಕಡೆಗೆ ತಿರುಗಿಸಲೇಬಾರದು.

ನೆಲವನ್ನು ಮುಚ್ಚುವುದು

ಬರಿ ನೆಲಕ್ಕೆ ಹಾಕಿದ ನೀರಿನಲ್ಲಿ ಗಿಡ ಕುಡಿಯುವುದಕ್ಕಿಂತ ಬಿಸಿಲು ಕುಡಿಯುವುದೇ ಹೆಚ್ಚಾಗಬಹುದು. ಸ್ವಾತಿ ಮಳೆ ಮುಗಿಯುತ್ತಲೇ, ನೆಲದಲ್ಲಿ ಪಸೆ ಇರುವಾಗಲೇ ಮೂರು ನಾಲ್ಕು ಅಂಗುಲ ಹೊದಿಕೆ ಹಾಕಬೇಕು. ಒಣಗಿದ ಮೇಲೆ ಹೊದಿಸಿದರೆ ಒಣ ನೆಲವನ್ನೇ ಕಾಪಾಡಿದಂತೆ. ಕತ್ತರಿಸಿದ ಅಡಿಕೆ ಸೋಗೆ, ಬಾಳೆ ಎಲೆ, ಕಳೆದ ಹುಲ್ಲು ಎಲ್ಲವೂ ಆದೀತು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಅಡಿಕೆ ಸಿಪ್ಪೆ ನಿಧಾನ ಕೊಳೆಯುವುದರಿಂದ ಮೇಲುಹೊದಿಕೆಗೆ ಬಹಳ ಒಳ್ಳೆಯದು. ಆದರೆ ಹಸಿಯಾಗಿ ಮಣ್ಣಿನೊಳಗೆ ಬೆರೆಸಿದರೆ ಗಿಡದ ಸಾರಜನಕವನ್ನು ಅದೇ ಕಸಿದುಕೊಂಡು ಎಲೆ ಹಳದಿಯಾಗುತ್ತದೆ. ಕಾಫಿ ಸಿಪ್ಪೆಯನ್ನು ಕೊಳೆಸಿಯೇ ಬಳಸಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಹಲವರ ಪ್ರಾಣ ತೆಗೆಯಿತು. ರೋಗ ಹರಡುವ ಉಣುಗುಗಳು ಕಾಡಿನ ದರಗಿನಲ್ಲಿ ಇರುವುದು, ಹೆಚ್ಚಾಗುವುದು ಬೇಸಿಗೆಯ ಈ ತಿಂಗಳುಗಳಲ್ಲೇ. ಹೊದಿಕೆಗೆಂದು ಜನವರಿಯ ನಂತರ ಕಾಡಿನ ದರಗು ತಂದು ಮನೆಯಂಗಳದಲ್ಲಿ ರಾಶಿ ಹಾಕುವುದನ್ನು ಬಿಡಬೇಕು. ತೋಟದ ಸೋಗೆ, ಹಾಳೆ, ಸಿಪ್ಪೆಯಲ್ಲೇ ಕೈತೋಟದ ಹೊದಿಕೆ ಮುಗಿಯುತ್ತದೆ. ಬೆಟ್ಟಕ್ಕೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ ಬಂದು, ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಕೂಲಿಯವರಿಗೂ ಇದೇ ಕ್ರಮ.

ಮಡಿ, ಮಡಕೆ, ಹೊತ್ತು

ನಮ್ಮ ಹವೆಗೆ ಒಂದೇ ಬಗೆಯ ಮಡಿ ವರ್ಷವಿಡೀ ಸಲ್ಲದು. ಮಳೆಗಾಲಕ್ಕೆ ಏರುಮಡಿ, ಬೇಸಿಗೆಗೆ ತಗ್ಗುಮಡಿ. ದೀಪಾವಳಿಯ ನಂತರ ಏರುಮಡಿಯನ್ನು ಕಡಿದು, ಸುತ್ತ ಬದು ಕಟ್ಟಿ ನಾಲ್ಕಂಗುಲ ತಗ್ಗಿಸಿದರೆ ಹಾಕಿದ ಕೊಡ ನೀರು ಮಡಿಯೊಳಗೇ ನಿಲ್ಲುತ್ತದೆ. ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಬಸಳೆ ಅಥವಾ ತೊಂಡೆಯ ಚಪ್ಪರವಿದ್ದರೆ ಅದರ ನೆರಳಿನಲ್ಲಿ ಹರಿವೆ, ಮೆಣಸು ಬಾಡವು. ನೀರನ್ನು ಸಂಜೆ ಅಥವಾ ನಸುಕಿನಲ್ಲಿ ಹಾಕಬೇಕು. ದಿನವೂ ಚಿಮುಕಿಸುವುದಕ್ಕಿಂತ ಎರಡು ದಿನದ ನೀರನ್ನು ಒಮ್ಮೆಗೇ ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಹೊದಿಕೆ ಸರಿಸಿ ಬೆರಳಿಟ್ಟು ನೋಡಿ. ಎರಡಂಗುಲದ ಕೆಳಗೆ ತಂಪಿದ್ದರೆ ಆ ದಿನ ನೀರು ಬೇಡ.

ಹಾಗಲ, ಹೀರೆ, ಪಡವಲಕ್ಕೆ ಮಡಕೆ ನೀರಾವರಿ ಬಹಳ ಅನುಕೂಲ. ಐದಾರು ಲೀಟರಿನ, ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ಸುತ್ತ ಮೂರು ನಾಲ್ಕು ಬೀಜ ಊರಿ, ನೀರು ತುಂಬಿ ಬಾಯಿ ಮುಚ್ಚಬೇಕು. ಮಣ್ಣು ಒಣಗಿದಷ್ಟೂ ಮಡಕೆಯ ಗೋಡೆ ಜಿನುಗುತ್ತದೆ, ತೇವವಿದ್ದರೆ ತಾನೇ ನಿಲ್ಲಿಸುತ್ತದೆ. ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಕೃಷಿ ಗ್ರಂಥದಲ್ಲೇ ಇದರ ವಿವರಣೆಯಿದೆ.

ಮಾಡಿನ ನೀರು ಮತ್ತು ಗುಡ್ಡದ ನೀರು

ಸಾವಿರ ಚದರ ಅಡಿ ಮಾಡಿನ ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ ಏಳು ಲಕ್ಷ ಲೀಟರಿಗೆ ಹತ್ತಿರ ನೀರು ಬೀಳುತ್ತದೆ. ಕೈತೋಟಕ್ಕೆ ಜನವರಿಯಿಂದ ಮೇವರೆಗೆ ಬೇಕಾದದ್ದು ಸುಮಾರು 20 ಸಾವಿರ ಲೀಟರು, ನೂರರಲ್ಲಿ ಮೂರು ಪಾಲೂ ಇಲ್ಲ. ಆದರೆ ಜುಲೈ ನೀರನ್ನು ಏಪ್ರಿಲ್‌ವರೆಗೆ ಇಡಲು ದೊಡ್ಡ ತೊಟ್ಟಿ ಬೇಕು, ಅದರ ಖರ್ಚು ಎಲ್ಲರಿಗೂ ಕೈಗೂಡದು. ಸಣ್ಣ ಹಿಡುವಳಿದಾರರು ನೋಡಬೇಕಾದದ್ದು ಬೇಸಿಗೆಯ ಅಡ್ಡಮಳೆಯನ್ನು. ಏಪ್ರಿಲ್‌ನಲ್ಲಿ ಒಂದಂಗುಲ ಮಳೆ ಬಿದ್ದರೆ ಅದೇ ಮಾಡಿನಿಂದ, ಸೋರಿಕೆ ಕಳೆದು, 1,800 ಲೀಟರು ಸಿಗುತ್ತದೆ. ಎರಡು ಸಾವಿರ ಲೀಟರಿನ ಒಂದು ತೊಟ್ಟಿಯಿದ್ದರೆ ಕೈತೋಟಕ್ಕೆ ಹದಿಮೂರು ದಿನದ ನೀರು. ಆದುದರಿಂದ ದೋಣಿ, ಕೊಳವೆಗಳನ್ನು ಜೂನ್‌ಗಲ್ಲ, ಮಾರ್ಚಿಗೇ ಸಿದ್ಧ ಮಾಡಿಕೊಳ್ಳಬೇಕು.

ಇಂಗುಗುಂಡಿಯ ಬಗ್ಗೆ ಕೇಳುವ ಸದಸ್ಯರು ಹಲವರು. ಬಯಲುಸೀಮೆಯ ಸಲಹೆಯನ್ನು ಹಾಗೆಯೇ ಇಲ್ಲಿ ತರುವುದು ಅಪಾಯ. ಜಂಬಿಟ್ಟಿಗೆಯ ಕೆಳಗೆ ಶೇಡಿ ಮಣ್ಣಿರುವ ಕಡಿದಾದ ಇಳಿಜಾರಿನಲ್ಲಿ, ಮನೆಯ ಮೇಲ್ಭಾಗದಲ್ಲಿ ಗುಂಡಿ ತೋಡಿ ನೀರು ತುಂಬಿಸಿದರೆ ಶೇಡಿ ನೆನೆದು ಧರೆಯೇ ಜಾರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಮರೆಯುವಂತಿಲ್ಲ. ಇಳಿಜಾರಿನಲ್ಲಿ ಗಿಡಮರ, ಹುಲ್ಲು, ದರಗು ಹಾಗೆಯೇ ಇರಲಿ, ಅವೇ ನಮ್ಮ ಇಂಗುಗುಂಡಿ. ಗುಂಡಿ ಬೇಕಿದ್ದರೆ ಸಮತಟ್ಟಿನಲ್ಲಿ, ಬಾವಿಗಿಂತ ಸ್ವಲ್ಪ ಮೇಲೆ ಸಾಕು. ಮಳೆ ನಿಂತ ಮೇಲೆ ಹಳ್ಳಕ್ಕೆ ಕಲ್ಲು ಮಣ್ಣಿನ ಕಟ್ಟ ಹಾಕುವ ಹಳೆಯ ರೂಢಿ ಇನ್ನೂ ಕ್ಷೇಮಕರ. ಒಬ್ಬರ ಕಟ್ಟ ಕೆಳಗಿನ ನಾಲ್ಕು ಮನೆಗಳ ಬಾವಿಯನ್ನು ತಂಪಾಗಿಡುತ್ತದೆ.

ಬಲ್ಲವರಿಂದ ಕಲಿಯಬೇಕಾದದ್ದು

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ದುಡಿದು ಉಳಿದ ವೇಳೆಯಲ್ಲಿ ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದರು. ಹಲವು ಸುರಂಗ ಬರಿದಾದರೂ ಬಿಡದೆ ಕೊನೆಗೆ ನೀರು ಕಂಡು, ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗ ನಮ್ಮ ನೆಲಕ್ಕೆ ಹೊಂದದಿದ್ದರೂ ಸಣ್ಣ ಒರತೆಯನ್ನು ತೊಟ್ಟಿಯಲ್ಲಿ ಕೂಡಿಸಿ ಅಳೆದು ಬಳಸುವ ಅವರ ಶಿಸ್ತು ಎಲ್ಲರಿಗೂ ಹೊಂದುತ್ತದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀ ಪಡ್ರೆಯವರು ಕಟ್ಟ, ಸುರಂಗ, ಮಳೆಕೊಯ್ಲುಗಳ ಅನುಭವವನ್ನು ಕೃಷಿಕರಿಂದ ಕೃಷಿಕರಿಗೆ ದಾಟಿಸಿದ್ದಾರೆ. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಸಂಘಟನೆಯ ಮಹಿಳೆಯರು ಮಲೆನಾಡಿನ ಹಿತ್ತಲ ಬೀಜಗಳನ್ನು ಕಾಪಾಡಿ ಹಂಚುತ್ತಿದ್ದಾರೆ. ಜೋಯಿಡಾದ ಕುಣಬಿ ಬಂಧುಗಳು ಮಳೆ ನೀರಿನಲ್ಲೇ ಬೆಳೆದು ಬೇಸಿಗೆಗೆ ಉಳಿಯುವ ಗೆಡ್ಡೆಗೆಣಸುಗಳ ದೊಡ್ಡ ಭಂಡಾರವನ್ನೇ ಇಟ್ಟುಕೊಂಡಿದ್ದಾರೆ.

ಈ ಕೊನೆಯ ಮಾತು ವಿಶೇಷವಾಗಿ ಗಮನಿಸತಕ್ಕದ್ದು. ನೀರು ಉಳಿಸುವ ಅತ್ಯುತ್ತಮ ಉಪಾಯ ಕಾಲಕ್ಕೆ ತಕ್ಕ ಬೆಳೆ. ಸುವರ್ಣಗಡ್ಡೆ, ಕೆಸುವಿನ ಗೆಡ್ಡೆ, ಗೆಣಸು ಮಳೆಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಊಟಕ್ಕೆ ಒದಗುತ್ತವೆ. ಚಕ್ರಮುನಿ, ನುಗ್ಗೆ, ಕರಿಬೇವು ಬೇರೂರಿದ ಮೇಲೆ ಹೆಚ್ಚು ನೀರು ಕೇಳವು. ಬೇಸಿಗೆಯಲ್ಲಿ ನೀರು ಕೇಳುವ ಹೂಕೋಸು, ಕೋಸಿಗೆ ಹಟ ಹಿಡಿಯದೆ ಬಸಳೆ, ತೊಂಡೆ, ಅಲಸಂದೆ, ಮೊಗೆಕಾಯಿಗೆ ಆ ಕೊಡವನ್ನು ಕೊಡೋಣ. ಬಲಿತ ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ಆಷಾಢದ ಹುಳಿಗೂ ಆಯಿತು.

ಕೈತೋಟದ ನೀರು ಹೊರುವವರು ಬಹುತೇಕ ಮನೆಯ ಹೆಂಗಸರು. ಪಂಪಿನ ಸ್ವಿಚ್ಚು ಗಂಡಸರ ಕೈಯಲ್ಲಿ, ಕೊಡ ಅವರ ಸೊಂಟದಲ್ಲಿ ಎಂಬ ಸ್ಥಿತಿ ಸಹಕಾರಿಗಳಾದ ನಮಗೆ ಶೋಭಿಸುವುದಿಲ್ಲ. ಏಳೆಂಟು ಮರದ ನೀರನ್ನು ಹಿತ್ತಲಿಗೆ ಒಂದು ಕೊಳವೆಯಲ್ಲಿ ತಿರುಗಿಸುವುದು ಕಷ್ಟದ ಕೆಲಸವಲ್ಲ. ಬಚ್ಚಲ ಕಾಲುವೆ ಸರಿಪಡಿಸುವುದು ಒಂದು ದಿನದ ಕೆಲಸ.

ಸದಸ್ಯರು ಮನೆಯಲ್ಲಿ ಉಳಿದಿರುವ ಹಳೆಯ ತಳಿಯ ಹರಿವೆ, ಹೀರೆ, ಅಲಸಂದೆ, ಮೊಗೆ ಬೀಜಗಳನ್ನು ಹೆಸರು, ಊರು ಬರೆದ ಪೊಟ್ಟಣದಲ್ಲಿ ಸಂತೆಯ ದಿನ ಸಂಘದ ಕಛೇರಿಗೆ ತಂದುಕೊಟ್ಟರೆ ಬೇಕಾದವರಿಗೆ ಹಂಚುವ ಏರ್ಪಾಡು ಮಾಡುತ್ತೇವೆ. ಬೀಜ ಕೊಟ್ಟವರು ಬೇರೆ ಬೀಜ ಒಯ್ಯಬಹುದು. ಬರುವಾಗ ಮನೆಯವರನ್ನೂ ಕರೆತನ್ನಿ. ಯಾವ ಬಳ್ಳಿಗೆ ಎಷ್ಟು ಕೊಡ ನೀರು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.